ಡಿಮೆನ್ಷಿಯಾ ಸಂಶೋಧನೆಗೆ ಸರ್ಕಾರದ ದುಡ್ಡು: ಬಜೆಟ್ ಬರೆಯುವ ಮುನ್ನ

ನೆನಪು, ಯೋಚನಾಶಕ್ತಿ ಕುಂದುವ ಡಿಮೆನ್ಷಿಯಾಕ್ಕೆ ಹೆಚ್ಚಾಗಿ ಕಾರಣವಾಗುವ ಅಲ್ಝೈಮರ್ ಮಿದುಳಿನಲ್ಲಿ ಬೇರೂರಿ, ಮರೆವು ಮನೆಯವರ ಕಣ್ಣಿಗೆ ಬೀಳುವಷ್ಟರಲ್ಲಿ ಹದಿನೈದು-ಇಪ್ಪತ್ತು ವರ್ಷ ಕಳೆದಿರುತ್ತದೆ. ಸರ್ಕಾರದ ಅನುದಾನ ಸಾಮಾನ್ಯವಾಗಿ ಸಿಗುವುದು ಮೂರು ವರ್ಷಕ್ಕೆ, ಅದೂ ಕಂತಿನಲ್ಲಿ. ಅನುದಾನ ಕೇಳಹೊರಟ ಸಂಶೋಧಕರ ತೊಂದರೆಯ ಮುಕ್ಕಾಲು ಪಾಲು ಇಲ್ಲೇ ಇದೆ.

ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂಬ 2023ರ ಅಂದಾಜು ಬಂದದ್ದು ದೇಶದ ವೃದ್ಧರಲ್ಲಿ ಡಿಮೆನ್ಷಿಯಾ ಅಳೆಯುವ ಲಾಸಿ-ಡ್ಯಾಡ್ ಅಧ್ಯಯನದಿಂದ. ಅದರ ಹಣ ಅಮೆರಿಕ ಸರ್ಕಾರದ ವೃದ್ಧಾಪ್ಯ ಸಂಶೋಧನಾ ಸಂಸ್ಥೆಯದು. ಕೋಲಾರದ ಶ್ರೀನಿವಾಸಪುರದಲ್ಲಿ 45 ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡಿರುವ ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಹುಟ್ಟಿದ್ದು ಇನ್ಫೋಸಿಸ್ ಸಹಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ದಂಪತಿಯ ದೇಣಿಗೆಯಿಂದ. ಅದೇ ಸಂಸ್ಥೆ ಮುನ್ನಡೆಸಿದ, ಭಾರತೀಯರ ರಕ್ತದಿಂದ ವಂಶವಾಹಿಗಳ ವಿವರ ಓದುವ ಯೋಜನೆಯಾದ ಜೀನೋಮ್‌ಇಂಡಿಯಾಕ್ಕೆ ಮಾತ್ರ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ದುಡ್ಡು ಕೊಟ್ಟಿತು. ಒಮ್ಮೆ ರಕ್ತ ತೆಗೆದು ಮುಗಿಸುವ ಕೆಲಸಕ್ಕೆ ಸರ್ಕಾರದ ಲೆಕ್ಕ ಹೊಂದುತ್ತದೆ. ಅದೇ ಅಜ್ಜಿಯನ್ನು ಮತ್ತೆ ಮತ್ತೆ ನೋಡುವ ಕೆಲಸಕ್ಕೆ ಹೊಂದುವುದಿಲ್ಲ.

ಎಡವಟ್ಟು ಆಗುವುದು ಹೀಗೆ. ಮುಂದಿನ ಕಂತು ಬರಬೇಕಾದರೆ ಖರ್ಚಿನ ಪಟ್ಟಿ, ಕೇಂದ್ರದ ಹಣಕಾಸು ನಿಯಮಗಳ (ಜನರಲ್ ಫೈನಾನ್ಷಿಯಲ್ ರೂಲ್ಸ್) ಪ್ರಕಾರ ಜಿಎಫ್‌ಆರ್ 12-ಎ ನಮೂನೆಯ ಬಳಕೆ ಪ್ರಮಾಣಪತ್ರ ಎರಡೂ ಹೋಗಬೇಕು. ಬ್ಯಾಂಕಿನಲ್ಲಿ ಬಂದ ಬಡ್ಡಿಯನ್ನೂ ಸರ್ಕಾರಕ್ಕೆ ಕಟ್ಟಬೇಕು. ಒಂದು ಸಹಿ ತಡವಾದರೂ ಮನೆಮನೆಗೆ ಹೋಗುವ ಸಿಬ್ಬಂದಿಯ ಸಂಬಳ ನಿಲ್ಲುತ್ತದೆ. ಅವರು ಬೇರೆ ಕೆಲಸ ಹಿಡಿದರೆ ಹೊಸಬರು ಅದೇ ಪ್ರಶ್ನೆಯನ್ನು ಬೇರೆ ಧಾಟಿಯಲ್ಲಿ ಕೇಳುತ್ತಾರೆ. ನೆನಪಿನ ಪರೀಕ್ಷೆಯಲ್ಲಿ ಅಜ್ಜಿಯ ಅಂಕ ಕುಸಿದರೆ ಕುಸಿದದ್ದು ನೆನಪೋ, ಪರೀಕ್ಷೆಯ ಗುಣಮಟ್ಟವೋ? ಯಾವ ಸಂಖ್ಯಾಶಾಸ್ತ್ರಜ್ಞರೂ ಆಮೇಲೆ ಬಿಡಿಸಿ ಹೇಳಲಾರರು. ಹಾಗಾಗಿ ಕಂತು ತಡವಾದಾಗ ಸಂಬಳ ಮುಂಗಡ ಕೊಡುತ್ತೇವೆಂದು ಸಂಸ್ಥೆಯಿಂದ ಮೊದಲೇ ಬರೆಸಿಕೊಳ್ಳಿ. ಒಬ್ಬರೇ ವ್ಯಕ್ತಿಗೆ ಇಬ್ಬರು ಪರೀಕ್ಷಕರು ಬೇರೆ ಬೇರೆಯಾಗಿ ಅಂಕ ಕೊಟ್ಟು ತಾಳೆ ನೋಡುವ ತರಬೇತಿಯನ್ನು ಪ್ರತಿ ವರ್ಷದ ಬಜೆಟ್ಟಿನಲ್ಲೂ ಹಾಕಿ.

ಪರೀಕ್ಷೆಯ ಆಯ್ಕೆಯೂ ಹಣದ ಪ್ರಶ್ನೆಯೇ, ತಪ್ಪು ಪರೀಕ್ಷೆ ಆರಿಸಿದರೆ ಖರ್ಚು ವ್ಯರ್ಥ. ನೆನಪು, ತಿಳಿವು ಅಳೆಯುವ ಕಿರು ಪರೀಕ್ಷೆಯಾದ ಎಂಎಂಎಸ್‌ಇ ಒಂದು ವಾಕ್ಯ ಬರೆಯಲು, ಒಂದರೊಳಗೊಂದು ಸಿಕ್ಕಿಕೊಂಡ ಎರಡು ಪಂಚಭುಜ ಬಿಡಿಸಲು ಹೇಳುತ್ತದೆ. ಪೆನ್ಸಿಲ್ಲನ್ನೇ ಹಿಡಿಯದವರು ಅಲ್ಲಿ ಅಂಕ ಕಳೆದುಕೊಳ್ಳುವುದು ಕಾಯಿಲೆಯಿಂದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ರೂಪಿಸಿದ ಪರೀಕ್ಷೆಗಳ ಕಟ್ಟು ಕನ್ನಡದಲ್ಲೂ ಇದೆ, ಅದನ್ನು ಬಳಸಿ.

ಇನ್ನು ರಕ್ತದ ಮಾದರಿ ಇಡುವ ಫ್ರೀಜರ್. ಮೈನಸ್ 80 ಡಿಗ್ರಿಯ ಯಂತ್ರ ಕೊಳ್ಳಲು ಉಪಕರಣದ ಬಾಬ್ತಿನಲ್ಲಿ ದುಡ್ಡು ಸಿಗುತ್ತದೆ. ಜನರೇಟರ್ ಡೀಸೆಲ್, ವಾರ್ಷಿಕ ನಿರ್ವಹಣಾ ಒಪ್ಪಂದ, ಅನುದಾನ ಮುಗಿದ ಮೇಲಿನ ಕರೆಂಟ್ ಬಿಲ್ಲು ಯಾರ ತಲೆಗೆ ಎಂದು ಯಾರೂ ಕೇಳುವುದಿಲ್ಲ. ಪ್ರಸ್ತಾವದಲ್ಲೇ ಬರೆದುಬಿಡಿ. ರಕ್ತದ ದ್ರವಭಾಗವಾದ ಪ್ಲಾಸ್ಮಾವನ್ನು ಸಣ್ಣ ಸಣ್ಣ ಕೊಳವೆಗಳಿಗೆ ಹಂಚಿಡಿ. ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದಷ್ಟೂ ಕೆಲವು ಪ್ರೋಟೀನುಗಳ ಅಳತೆ ಕೆಡುತ್ತದೆ.

ಒಪ್ಪಿಗೆ ಪತ್ರವನ್ನು ಅಧ್ಯಯನಕ್ಕೆ ಸೇರುವವರಿಗೆ ತಿಳಿವು ಗಟ್ಟಿಯಿರುವ ಮೊದಲ ಭೇಟಿಯಲ್ಲೇ ಪಡೆಯಿರಿ. ಮುಂದಿನ ಭೇಟಿಗಳು, ರಕ್ತದ ಶೇಖರಣೆ, ತಾವು ನಿರ್ಧರಿಸಲಾಗದ ದಿನ ಯಾರು ಮಾತಾಡಬೇಕು, ಮೂರೂ ಅದರಲ್ಲಿರಲಿ. ವಿದೇಶಿ ಹಣ ಸೇರಿದರೆ ಐಸಿಎಂಆರ್ ಮೂಲಕ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಸಮಿತಿಯ ಅನುಮತಿ ಬೇಕು. ಅದು ಕೈಸೇರುವ ಮುನ್ನ ಸಿಬ್ಬಂದಿ ನೇಮಕ ಮಾಡಬೇಡಿ.