ಟಕ್ ಅನ್ನುವ ಹ್ಯಾಂಡಲ್

ನನ್ನ ಬೈಕಿನ ಡೈರಿಯಲ್ಲಿ ಮೂರು ಕಡೆ ಒಂದೇ ಸಾಲಿದೆ: ಕೋನ್ ಸೆಟ್ (ಹ್ಯಾಂಡಲ್ ಸಲೀಸಾಗಿ ತಿರುಗಲು ಒಳಗಿರುವ ಬೇರಿಂಗ್) ಬದಲು. ಮೊದಲನೆಯದು 8,600 ಕಿ.ಮೀ.ಗೆ, ಎರಡನೆಯದು 17,900ಕ್ಕೆ, ಮೂರನೆಯದು 26,500ಕ್ಕೆ. ನಾನು ಗಣಿತದ ಮೇಷ್ಟ್ರು. ಪೆಟ್ರೋಲ್ ಹಾಕಿಸಿದ್ದನ್ನೂ ಬರೆದಿಡುವ ಚಟ. ಮನೆಯವಳು ನಗುತ್ತಾಳೆ, ನಗಲಿ. ಬರೆದಿಡದೇ ಹೋಗಿದ್ದರೆ 'ಆಗಾಗ ಹ್ಯಾಂಡಲ್ ಕೆಡುತ್ತೆ ಮಾರಾಯ' ಅಂತ ಗೊಣಗಿ ಸುಮ್ಮನಾಗುತ್ತಿದ್ದೆ. ಸುಮಾರು ಒಂಬತ್ತು ಸಾವಿರಕ್ಕೊಮ್ಮೆ ಅಂತ ಲೆಕ್ಕ ಸಿಗುತ್ತಿರಲಿಲ್ಲ.

ಮನೆ ಸಾಗರದಲ್ಲಿ, ಶಾಲೆ ತಾಳಗುಪ್ಪದಿಂದ ಆಚೆ. ಒಂದು ಕಡೆಗೆ 24 ಕಿ.ಮೀ. ತಾಳಗುಪ್ಪದವರೆಗೆ ಹೆದ್ದಾರಿ, ಆಮೇಲೆ ಒಳರಸ್ತೆ. ಮಳೆಗಾಲದಲ್ಲಿ ಆ ರಸ್ತೆಯ ಗುಂಡಿ ಎಷ್ಟು ಆಳ ಅಂತ ಎದುರಿಗೆ ಬರುವ ಹಾಲಿನ ವ್ಯಾನಿನ ಚಕ್ರ ನೋಡಿ ಅಂದಾಜು ಮಾಡಬೇಕು. ಬೈಕ್ ತಗೊಂಡಿದ್ದು 2021ರ ದಸರಾಕ್ಕೆ. ಯಾವ ಕಂಪನಿ ಅಂತ ಬರೆಯುವುದಿಲ್ಲ. ಈ ರೋಗ ಒಂದೇ ಮನೆಯದ್ದಲ್ಲ ಅಂತ ಬೈಕ್ ಇಟ್ಟುಕೊಂಡ ಎಲ್ಲರಿಗೂ ಗೊತ್ತು.

ಕೋನ್ ಸೆಟ್ ಕೆಡುವುದು ಒಮ್ಮೆಲೇ ಗೊತ್ತಾಗುವುದಿಲ್ಲ. ಮೊದಲು ನಿಧಾನ ಹೋಗುವಾಗ ಬೈಕ್ ಸಣ್ಣದಾಗಿ ಅತ್ತಿತ್ತ ಎಳೆದ ಹಾಗೆ ಅನ್ನಿಸುತ್ತದೆ. ಸಂತೆ ದಿನ ಜನರ ನಡುವೆ ಹೋಗುವಾಗ ನನಗೇ ಬ್ಯಾಲೆನ್ಸ್ ತಪ್ಪುತ್ತಿದೆಯೇನೋ, ವಯಸ್ಸಾಯಿತೇನೋ ಅಂದುಕೊಂಡಿದ್ದೆ. ಡಬಲ್ ಸ್ಟ್ಯಾಂಡ್ ಹಾಕಿ, ಹಿಂದೆ ಯಾರಾದರೂ ಒತ್ತಿ ಹಿಡಿದು ಮುಂದಿನ ಚಕ್ರ ಮೇಲೆತ್ತಿದಾಗ ಹ್ಯಾಂಡಲನ್ನು ಎರಡೇ ಬೆರಳಲ್ಲಿ ತಿರುಗಿಸಿ ನೋಡಿ. ಸರಿ ಇದ್ದರೆ ಬೆಣ್ಣೆಯ ಹಾಗೆ ತಿರುಗುತ್ತದೆ. ಕೆಟ್ಟಿದ್ದರೆ ನಟ್ಟನಡುವೆ ಬಂದಾಗ ಟಕ್ ಅಂತ ಕೂತುಬಿಡುತ್ತದೆ. ಅಲ್ಲಿಂದ ಕದಲಿಸಲು ಸ್ವಲ್ಪ ಜೋರು ಹಾಕಬೇಕು.

ಮೊದಲ ಸಲ ಶೋರೂಮಿನ ಸರ್ವಿಸ್‌ಗೇ ಹೋದೆ. ಜಾಬ್ ಕಾರ್ಡಿನಲ್ಲಿ 'ಹ್ಯಾಂಡಲ್ ಟೈಟ್' ಅಂತ ಬರೆದುಕೊಂಡರು. ಮೇಲಿನ ನಟ್ಟು ಸ್ವಲ್ಪ ಸಡಿಲ ಮಾಡಿ ಕೊಟ್ಟರು. ಎರಡು ವಾರಕ್ಕೆ ಬ್ರೇಕ್ ಹಿಡಿದಾಗೆಲ್ಲ ಮುಂದೆ ಟಣಟಣ. ಮತ್ತೆ ಹೋದೆ. 'ಸಾರ್, ಇದು ಸವೆಯೋ ಪಾರ್ಟು, ವಾರಂಟಿಗೆ ಬರಲ್ಲ. ನಿಮ್ಮ ಕಡೆ ರೋಡ್ ಸರಿ ಇಲ್ಲ ಅಲ್ವಾ' ಅಂದ ಹುಡುಗ. ರೋಡ್ ಸರಿ ಇಲ್ಲ, ನಿಜ. ಆದರೆ ಬೈಕ್ ಮಾರಿದ್ದು ಇದೇ ಸಾಗರದಲ್ಲಿ. ಅವನ ತಲೆಯ ಮೇಲೇ ಗೋಡೆಗೆ ಅಂಟಿಸಿದ್ದ ಪೋಸ್ಟರಿನಲ್ಲಿ ಅದೇ ಬೈಕ್ ಕೆಸರು ಚಿಮ್ಮಿಸುತ್ತಾ ಹಳ್ಳ ದಾಟುತ್ತಿತ್ತು.

ಎರಡನೇ ಸಲ ನಮ್ಮ ಬೀದಿಯ ಸಾಬ್ರ ಗ್ಯಾರೇಜಿಗೆ ಹೋದೆ. ಅವರು ಬಿಚ್ಚುವಾಗ ಪಕ್ಕದಲ್ಲೇ ಕೂತಿದ್ದೆ. ಮುಂದಿನ ಚಕ್ರ, ಫೋರ್ಕು ಎಲ್ಲ ಇಳಿಸಿ, ಒಳಗಿನ ಬಟ್ಟಲುಗಳನ್ನು ತೆಗೆದು ಸೀಮೆಎಣ್ಣೆಯಲ್ಲಿ ತೊಳೆದು ಹಳೇ ಪೇಪರಿನ ಮೇಲಿಟ್ಟರು. 'ಬನ್ನಿ ಮೇಷ್ಟ್ರೇ, ಉಗುರು ಆಡಿಸಿ ನೋಡಿ.' ಆಡಿಸಿದೆ. ಕನ್ನಡಿಯ ಹಾಗೆ ನುಣ್ಣಗಿರಬೇಕಾದ ಕಡೆ ಒಂದರ ಪಕ್ಕ ಒಂದು ಗುಳಿ. ನಮ್ಮ ಮನೆಯ ಪಡ್ಡಿನ ಹಂಚನ್ನು ಇಲಿಗಳಿಗೆ ಅಂತ ಮಾಡಿದ್ದರೆ ಹಾಗಿರುತ್ತಿತ್ತು. ಉಗುರು ಪ್ರತಿ ಗುಳಿಗೂ ಸಿಕ್ಕಿಕೊಳ್ಳುತ್ತಿತ್ತು.

ಕಾರಣ ಸರಳ. ಫ್ರೇಮಿನ ಮುಂದಿನ ಕೊಳವೆಯ ಮೇಲೊಂದು ಕೆಳಗೊಂದು ಬಟ್ಟಲು, ಅದರಲ್ಲಿ ಸೈಕಲ್ಲಿನಲ್ಲಿರುವಂಥದ್ದೇ ಉಕ್ಕಿನ ಗುಂಡುಗಳು. ಹ್ಯಾಂಡಲ್ ತಿರುಗುವುದು ಇವುಗಳ ಮೇಲೆ. ರಸ್ತೆಯಲ್ಲಿ ನೇರ ಹೋಗುವಾಗ ಹ್ಯಾಂಡಲ್ ತಿರುಗುವುದೇ ಕಡಿಮೆ. ಗುಂಡುಗಳು ಇದ್ದಲ್ಲೇ ಇರುತ್ತವೆ. ಪ್ರತಿ ಗುಂಡಿಯ ಏಟೂ ಅದೇ ಜಾಗಕ್ಕೆ ಬೀಳುತ್ತದೆ. ಜೊತೆಗೆ ಮುಂದಿನ ಚಕ್ರ ಎರಚುವ ನೀರು ನೇರ ಕೆಳಗಿನ ಬಟ್ಟಲಿಗೆ. ನನ್ನದರಲ್ಲಿ ಗ್ರೀಸ್ ಅನ್ನುವುದು ಕೆಂಪು ಕೆಸರಾಗಿತ್ತು. ಗುಂಡಿನ ಬದಲು ಟೇಪರ್ ರೋಲರ್ ಬೇರಿಂಗ್ (ಒಂದು ತುದಿ ಸಣ್ಣಗಿರುವ ಉದ್ದನೆಯ ಉಕ್ಕಿನ ಉರುಳೆಗಳು) ಹಾಕಿದರೆ ಭಾರ ಚುಕ್ಕೆಯ ಮೇಲೆ ಬೀಳದೆ ಉದ್ದಕ್ಕೂ ಹಂಚಿಹೋಗುತ್ತದೆ, ಇಷ್ಟು ಬೇಗ ಗುಳಿ ಬೀಳುವುದಿಲ್ಲ. ಇದೇನು ಹೊಸ ವಿದ್ಯೆಯಲ್ಲ. 'ಅದನ್ನೇ ಹಾಕೋಣ' ಅಂದರು ಸಾಬ್ರು. ಶೋರೂಮಿಗೆ ಫೋನ್ ಮಾಡಿ ಕೇಳಿದೆ. ಹೊರಗಿನ ಪಾರ್ಟ್ ಹಾಕಿಸಿದರೆ ವಾರಂಟಿ ಹೋಗುತ್ತದಂತೆ. ಯಾವ ಪಾರ್ಟಿಗೆ ವಾರಂಟಿ ಇಲ್ಲವೋ ಅದನ್ನು ಬದಲಿಸಿದರೆ ವಾರಂಟಿ ಹೋಗುತ್ತದೆ! ಹತ್ತನೇ ಕ್ಲಾಸಿನ ಹುಡುಗರಿಗೆ ಇದನ್ನು ಪ್ರಮೇಯ ಅಂತ ಕೊಟ್ಟರೆ ನನ್ನನ್ನೇ ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ಆದರೂ ಹೆದರಿ ಕಂಪನಿಯದ್ದನ್ನೇ ಹಾಕಿಸಿದೆ.

ಆ ವರ್ಷ ಸಾಗರದಲ್ಲಿ ಶಿಕ್ಷಕರ ತರಬೇತಿ ಇತ್ತು. ಊಟದ ಬಿಡುವಿನಲ್ಲಿ ಪಾರ್ಕಿಂಗ್‌ಗೆ ಹೋಗಿ ನೋಡಿದರೆ ನನ್ನಂಥದ್ದೇ ಬೈಕ್ ಇನ್ನೂ ಮೂರು. ಮಾಲೀಕರನ್ನು ಹುಡುಕಿ ಮಾತಾಡಿಸಿದೆ. ಇಬ್ಬರು ಆಗಲೇ ಒಂದೊಂದು ಸಲ ಬದಲಿಸಿದ್ದರು, ಇಬ್ಬರೂ ಹೊರಗಿನ ಗ್ಯಾರೇಜಿನಲ್ಲಿ. ಮೂರನೆಯವರಿಗೆ ಕೋನ್ ಸೆಟ್ ಅಂದರೇನು ಅಂತಲೇ ಗೊತ್ತಿರಲಿಲ್ಲ. ಚಕ್ರ ಎತ್ತಿ ತಿರುಗಿಸಿ ತೋರಿಸಿದೆ. ಟಕ್.

ಕಂಪನಿಗಳು ಇಂಥದ್ದನ್ನು ಸರಿಮಾಡಲು ಯಾಕೆ ವರ್ಷಗಟ್ಟಲೆ ಎಳೆಯುತ್ತವೆ ಅನ್ನುವುದಕ್ಕೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು ಅಂತ ನನಗನ್ನಿಸುತ್ತದೆ. ವಾರಂಟಿಯಲ್ಲಿ ಕೊಟ್ಟಿದ್ದರೆ ಅವರ ಲೆಕ್ಕಕ್ಕೆ ಬರುತ್ತದೆ. 'ಸವೆಯೋ ಪಾರ್ಟು' ಅಂದುಬಿಟ್ಟರೆ ಅದು ನನ್ನ ಖರ್ಚು, ಅವರ ಪುಸ್ತಕದಲ್ಲಿ ದೋಷವೇ ಅಲ್ಲ. ಫ್ರೀ ಸರ್ವಿಸ್ ಮುಗಿದ ಮೇಲೆ ಹೆಚ್ಚಿನವರು ಸಾಬ್ರಂಥವರ ಹತ್ತಿರ ಹೋಗುತ್ತಾರೆ. ಸಾಬ್ರ ಡಬ್ಬಿಯಲ್ಲಿ ಗುಳಿ ಬಿದ್ದ ಬಟ್ಟಲು ಕಿಲೋಗಟ್ಟಲೆ ಇವೆ. ಅವು ಗುಜರಿಗೆ ಹೋಗುತ್ತವೆ, ಕಂಪನಿಗೆ ಹೋಗುವುದಿಲ್ಲ.

ಕಾನೂನು ಇಲ್ಲ ಅಂತಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಸೆಕ್ಷನ್ ಸೇರಿತು. ವಾಹನ ವಾಪಸ್ ಕರೆಸಿ ಸರಿಮಾಡಿಕೊಡಿ ಅಂತ ಕೇಂದ್ರ ಸರ್ಕಾರ ಕಂಪನಿಗೆ ಹೇಳಬಹುದು. 2021ರ ಏಪ್ರಿಲ್ 1ರಿಂದ ನಿಯಮಗಳೂ ಜಾರಿಗೆ ಬಂದಿವೆ: 7 ವರ್ಷದೊಳಗಿನ ವಾಹನ, ಸುರಕ್ಷತೆಗೆ ಸಂಬಂಧಿಸಿದ ದೋಷ, ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ಆದರೆ ಮಾಲೀಕರ ದೂರುಗಳ ಸಂಖ್ಯೆ ಒಂದು ಮಟ್ಟ ದಾಟಬೇಕು. ಕೋನ್ ಸೆಟ್ಟಿಗೆ ಅಂತ ಯಾರು ದೂರು ಕೊಡುತ್ತಾರೆ? ಏಳುನೂರು ರೂಪಾಯಿ ಬಿಸಾಕಿ ಮನೆಗೆ ಹೋಗುತ್ತಾರೆ. ನಾನೂ ಅದನ್ನೇ ಮಾಡಿದ್ದು.

ಮನಸ್ಸು ಮಾಡಿದರೆ ಆಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. 2021ರ ಮೇನಲ್ಲಿ ರಾಯಲ್ ಎನ್‌ಫೀಲ್ಡ್ ಇಗ್ನಿಷನ್ ಕಾಯಿಲ್‌ನ ದೋಷಕ್ಕೆ ತಾನಾಗಿಯೇ 2,36,966 ಬೈಕುಗಳನ್ನು ವಾಪಸ್ ಕರೆಯಿತು. ಮೀಟಿಯರ್, ಕ್ಲಾಸಿಕ್, ಬುಲೆಟ್ ಎಲ್ಲ ಅದರಲ್ಲಿದ್ದವು. ಅಷ್ಟರಲ್ಲಿ ನಿಜವಾಗಿ ಪಾರ್ಟ್ ಬದಲಿಸಬೇಕಾಗುವುದು ನೂರಕ್ಕೆ ಹತ್ತಕ್ಕೂ ಕಡಿಮೆ ಅಂತ ಅವರದ್ದೇ ಅಂದಾಜು. ಆದರೂ ಕರೆದರು. ಕಾಯಿಲ್ ಕೆಟ್ಟರೆ ಎಂಜಿನ್ ಮುಗ್ಗರಿಸುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಹ್ಯಾಂಡಲ್ ಮಾತ್ರ ನಿಧಾನಕ್ಕೆ ಕೆಡುತ್ತದೆ, ಓಡಿಸುವವನೂ ನಿಧಾನಕ್ಕೆ ಒಗ್ಗಿಕೊಳ್ಳುತ್ತಾನೆ.

ಮೂರನೇ ಸೆಟ್ ತಂದ ದಿನ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಹಳೇ ಪ್ಯಾಕೆಟ್ಟನ್ನು ಡೈರಿಯಲ್ಲೇ ಮಡಚಿಟ್ಟಿದ್ದೆ. (ಹೌದು, ಅದನ್ನೂ ಇಡುತ್ತೇನೆ.) ಎರಡನ್ನೂ ಪಕ್ಕಪಕ್ಕ ಹಿಡಿದೆ. ಪಾರ್ಟ್ ನಂಬರ್ ಎಲ್ಲ ಒಂದೇ, ಕೊನೆಯಲ್ಲಿ 'ಎ' ಇದ್ದ ಕಡೆ ಈಗ 'ಬಿ'. ಬಿಚ್ಚಿ ನೋಡಿದರೆ ಕೆಳಗಿನ ಬಟ್ಟಲಿಗೆ ನೀರು ಹೋಗದ ಹಾಗೆ ಒಂದು ಕಪ್ಪು ರಬ್ಬರ್ ಸೀಲ್ ಬಂದಿದೆ. ಹಿಂದಿನ ಎರಡರಲ್ಲೂ ಅದು ಇರಲಿಲ್ಲ. ಸಾಬ್ರು ಅದನ್ನು ಬೆಳಕಿಗೆ ಹಿಡಿದು ನೋಡಿ, 'ಅವರಿಗೂ ಗೊತ್ತಿತ್ತು ಮೇಷ್ಟ್ರೇ' ಅಂದರು. ದೋಷವೇ ಇರಲಿಲ್ಲ ಅಂದಮೇಲೆ 'ಎ' ಹೋಗಿ 'ಬಿ' ಯಾಕೆ ಬಂತು? ಬಂದಿದ್ದು ಒಳ್ಳೆಯದೇ. ನನಗೊಂದು ಮೆಸೇಜ್ ಹಾಕಬಹುದಿತ್ತಲ್ಲ? ಸರ್ವಿಸ್ ಆಫರ್, ಹೆಲ್ಮೆಟ್ ಆಫರ್, ಎಕ್ಸ್‌ಚೇಂಜ್ ಮೇಳ ಅಂತ ವಾರಕ್ಕೆರಡು ಬರುತ್ತವೆ. ಹಳೇ ಗಿರಾಕಿಗಳಿಗೆ ಹೇಳಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಅನ್ನುವ ಭಯ ಇರಬೇಕು. ನನಗೆ ಸಿಟ್ಟು ಬಂದಿದ್ದು ಗುಳಿ ಬಿದ್ದಿದ್ದಕ್ಕಲ್ಲ, ಈ ಗುಟ್ಟಿಗೆ.

ಈಗ ಮೀಟರ್ 41,300 ತೋರಿಸುತ್ತಿದೆ. 'ಬಿ' ಇನ್ನೂ ಗಟ್ಟಿಯಾಗಿದೆ. ಹಿಂದಿನ ಬ್ರೇಕ್ ಲೈಟಿನ ಸ್ವಿಚ್ ಮಾತ್ರ ಮಳೆಗೆ ಅಂಟಿಕೊಂಡು ಲೈಟು ಉರಿಯುತ್ತಲೇ ಇರುತ್ತದೆ, ಎರಡು ಸಲ ಬದಲಿಸಿದ್ದಾಯಿತು. ಅದಕ್ಕೆ ಡೈರಿಯಲ್ಲಿ ಬೇರೆ ಪುಟ.

ಕಳೆದ ತಿಂಗಳು ನಮ್ಮ ಶಾಲೆಯ ಹೊಸ ಪಿಟಿ ಮೇಷ್ಟ್ರು ಇದೇ ಬೈಕಿನ ಹೊಸ ಮಾಡೆಲ್ ತಂದರು. ಪೇಡೆ ಹಂಚಿದರು. ಪೇಡೆ ಬಾಯಲ್ಲಿಟ್ಟುಕೊಂಡೇ ನಾನು ಬಗ್ಗಿ ಕೆಳಗಿನ ಬಟ್ಟಲು ನೋಡಿದೆ. ಕಪ್ಪು ಸೀಲ್ ಇದೆ. 'ಏನು ಸಾರ್ ನೋಡ್ತಾ ಇದೀರಿ?' ಅಂದರು. 'ಮಳೆಗಾಲ ಮುಗೀಲಿ, ಒಮ್ಮೆ ಮುಂದಿನ ಚಕ್ರ ಎತ್ತಿ ನೋಡೋಣ' ಅಂದೆ.