ಗುತ್ತಿಗೆ ಪತ್ರದಲ್ಲಿ ನಾನು ಸಾಯಿಸಿದ ಮಾಲೀಕ

ವಕೀಲರ ಕಚೇರಿಗಳಿಗೆ ಇಂಗ್ಲಿಷ್ ದಸ್ತಾವೇಜುಗಳನ್ನು ಕನ್ನಡಕ್ಕೆ ಅನುವಾದಿಸಿಕೊಡುವುದು ನನ್ನ ಕೆಲಸ. ಈ ವೃತ್ತಿಗೆ ಬಂದ ಎರಡನೆಯ ವರ್ಷದಲ್ಲಿ, ಬೆಂಗಳೂರಿನ ದಂಡು ಪ್ರದೇಶದ ಬಂಗಲೆಯೊಂದರ ಹಳೆಯ ಗುತ್ತಿಗೆ ಪತ್ರ ನನ್ನ ಮೇಜಿಗೆ ಬಂದಿತು. ಅದರಲ್ಲಿ ಮಾಲೀಕರು ಆ ಬಂಗಲೆಯನ್ನು ಗುತ್ತಿಗೆದಾರರಿಗೆ 'ಡತ್ ಹಿಯರ್‌ಬೈ ಡಿಮೈಸ್' ಎಂಬ ಮಾತಿತ್ತು. 'ಡಿಮೈಸ್' ಎಂದರೆ ಮರಣವೆಂಬುದನ್ನು ಪತ್ರಿಕೆಗಳ ನಿಧನವಾರ್ತೆಗಳಲ್ಲಿ ಓದಿ ಬಲ್ಲವನಾದ್ದರಿಂದ, 'ಮಾಲೀಕರ ಮರಣಾನಂತರ ಸದರಿ ಬಂಗಲೆಯು ಗುತ್ತಿಗೆದಾರರಿಗೆ ಸೇರತಕ್ಕದ್ದು' ಎಂದು ನಿಶ್ಚಿಂತೆಯಿಂದ ಬರೆದುಕೊಟ್ಟೆ. ಹಿರಿಯ ವಕೀಲರು ಹಾಳೆಯನ್ನು ಎರಡು ಸಲ ಓದಿ, ಕನ್ನಡಕವನ್ನು ಹಣೆಗೇರಿಸಿ, "ಅಲ್ಲಪ್ಪಾ, ಸತ್ತ ಮೇಲೆ ಬಂಗಲೆ ಸೇರುವುದಾದರೆ ಮುಂದಿನ ಸಾಲಿನಲ್ಲಿ ಪ್ರತಿ ತಿಂಗಳ ಐದನೇ ತಾರೀಖು ಬಾಡಿಗೆ ಇಸಿದುಕೊಳ್ಳುವವರು ಯಾರು?" ಎಂದು ಕೇಳಿದರು. ಒಂದು ಪದದಿಂದ ನಾನು ಗುತ್ತಿಗೆ ಪತ್ರವನ್ನು ಉಯಿಲನ್ನಾಗಿ ಮಾಡಿದ್ದೆ.

ಆ ಪದದ ಚರಿತ್ರೆಯನ್ನು ನಾನು ಅನಂತರ ಓದಿಕೊಂಡೆ. ಬಿಟ್ಟುಕೊಡು, ಕಳುಹಿಸು ಎಂಬ ಅರ್ಥದ ಫ್ರೆಂಚ್ ಧಾತುವಿನಿಂದ ಬಂದ ಅದು ಇಂಗ್ಲಿಷಿನಲ್ಲಿ ಮೊದಲು ಕಾನೂನಿನ ಪದವಾಗಿತ್ತು. ಆಸ್ತಿಯನ್ನು ಗುತ್ತಿಗೆಯ ಮೂಲಕವೋ ಉಯಿಲಿನ ಮೂಲಕವೋ ಇನ್ನೊಬ್ಬರಿಗೆ ವಹಿಸಿಕೊಡುವುದೇ ಅದರ ಮೂಲ ಅರ್ಥ. ದೊರೆ ತೀರಿಕೊಂಡಾಗ ಕಿರೀಟವು ಉತ್ತರಾಧಿಕಾರಿಗೆ ಸೇರುವುದನ್ನೂ ಇದೇ ಪದದಿಂದ ಹೇಳುತ್ತಿದ್ದರು, ಮತ್ತು ವಿಕ್ಟೋರಿಯಾ ರಾಣಿ ತೀರಿಕೊಂಡ 1901ರಲ್ಲಿಯೇ ಬ್ರಿಟನ್ನಿನಲ್ಲಿ 'ಡಿಮೈಸ್ ಆಫ್ ದಿ ಕ್ರೌನ್' ಎಂಬ ಹೆಸರಿನ ಕಾಯ್ದೆಯೂ ಬಂದಿತು. ಕಿರೀಟದ ವರ್ಗಾವಣೆಗೆ ದೊರೆಯ ಸಾವೇ ಕಾರಣವಾಗಿದ್ದರಿಂದ, ಕಾಲಕ್ರಮದಲ್ಲಿ ವರ್ಗಾವಣೆಯ ಹೆಸರು ಸಾವಿಗೇ ಅಂಟಿಕೊಂಡು, 18ನೆಯ ಶತಮಾನದ ಹೊತ್ತಿಗೆ ಜನಸಾಮಾನ್ಯರ ಮರಣಕ್ಕೂ ಬಳಕೆಯಾಯಿತು. ದಸ್ತಾವೇಜು ಬರೆಯುವವರು ಮಾತ್ರ ಹಳೆಯ ಅರ್ಥವನ್ನು ಬಿಡಲಿಲ್ಲ.

ಅದೇ ಪತ್ರದಲ್ಲಿ ಇನ್ನೊಂದು ತಪ್ಪೂ ಸಿಕ್ಕಿತು. ಗುತ್ತಿಗೆದಾರರು ಬಂಗಲೆಯನ್ನು 'ವಿತೌಟ್ ಲೆಟ್ ಆರ್ ಹಿಂಡ್ರನ್ಸ್' ಅನುಭವಿಸತಕ್ಕದ್ದು ಎಂಬಲ್ಲಿ ನಾನು 'ಒಳಬಾಡಿಗೆಗೆ ಕೊಡದೆ' ಎಂದು ಬರೆದಿದ್ದೆ. 'ಟು ಲೆಟ್' ಎಂಬ ಫಲಕಗಳನ್ನು ದಿನವೂ ನೋಡುವವನಿಗೆ ಬೇರೆ ಅರ್ಥ ಹೊಳೆಯುವುದಾದರೂ ಹೇಗೆ? ವಾಸ್ತವದಲ್ಲಿ ಇವು ಒಂದೇ ರೂಪಕ್ಕೆ ಬಂದು ನಿಂತಿರುವ ಎರಡು ಬೇರೆ ಪದಗಳು. 1066ರ ನಾರ್ಮನ್ ವಿಜಯಕ್ಕೂ ಹಿಂದಿನ, ನಿಜವಾಗಿ ಹಳೆಯ ಇಂಗ್ಲಿಷ್ ಎನ್ನಬೇಕಾದ ಭಾಷೆಯಲ್ಲಿ 'ಲ್ಯಾಟನ್' ಎಂದರೆ ಬಿಡು, ಅವಕಾಶ ಕೊಡು ಎಂದೂ, 'ಲೆಟ್ಟನ್' ಎಂದರೆ ತಡೆ, ವಿಳಂಬಗೊಳಿಸು ಎಂದೂ ಅರ್ಥವಿತ್ತು. (ಷೇಕ್ಸ್‌ಪಿಯರನ ಭಾಷೆಯನ್ನು ನಾವು ಹಳೆಯ ಇಂಗ್ಲಿಷ್ ಎನ್ನುತ್ತೇವೆ, ಭಾಷಾಶಾಸ್ತ್ರಜ್ಞರು ಅದನ್ನು ಆಧುನಿಕ ಇಂಗ್ಲಿಷಿನ ಆರಂಭದ ಘಟ್ಟವೆನ್ನುತ್ತಾರೆ.) ಉಚ್ಚಾರಣೆ ಸವೆದು ಎರಡೂ ಒಂದೇ ಆದವು, ಅರ್ಥಗಳು ಮಾತ್ರ ಒಂದಕ್ಕೊಂದು ಬೆನ್ನು ಹಾಕಿ ಉಳಿದವು. ತಡೆಯೆಂಬ ಅರ್ಥದ ಪದ ನಮ್ಮ ಪಾಸ್‌ಪೋರ್ಟಿನ ಒಳಪುಟದಲ್ಲಿ, ರಾಷ್ಟ್ರಪತಿಗಳ ಹೆಸರಿನ ಕೋರಿಕೆಯೊಳಗೆ ಇಂದಿಗೂ ಇದೆ. ಕನ್ನಡದ ಪತ್ರಬರಹಗಾರರು ಇಂಥಲ್ಲಿ ಹಿಂದಿನಿಂದಲೂ ಬರೆಯುತ್ತ ಬಂದಿರುವ 'ಅಡ್ಡಿ ಆತಂಕಗಳಿಲ್ಲದೆ' ಎಂಬ ಜೋಡುಪದಕ್ಕಿಂತ ಒಳ್ಳೆಯ ಅನುವಾದ ನನಗೆ ಇಂದಿಗೂ ಸಿಕ್ಕಿಲ್ಲ.

ನಾಚಿಕೆಯ ಸಂಗತಿಯೆಂದರೆ, ಅದೇ ಪತ್ರದಲ್ಲಿದ್ದ 'ಮೆಸ್ಯುಎಜ್' ಎಂಬ ಪದವನ್ನು ನಾನು ಸರಿಯಾಗಿಯೇ ಅನುವಾದಿಸಿದ್ದೆ. ಕಂಡು ಕೇಳರಿಯದ ಪದವಾದ್ದರಿಂದ ನಿಘಂಟು ತೆರೆದು, ಅದು ವಾಸದ ಮನೆ, ಹೊರಗಟ್ಟಡಗಳು ಮತ್ತು ಅವಕ್ಕೆ ಹೊಂದಿದ ಹಿತ್ತಿಲು ಎಲ್ಲವನ್ನೂ ಒಳಗೊಳ್ಳುತ್ತದೆಂದು ತಿಳಿದುಕೊಂಡಿದ್ದೆ. ಅಪರಿಚಿತ ಪದ ತಾನಾಗಿಯೇ ಕೈ ಹಿಡಿದು ನಿಲ್ಲಿಸುತ್ತದೆ. ಪರಿಚಿತ ಪದ ಹಾಗೆ ನಿಲ್ಲಿಸುವುದಿಲ್ಲ. ಅಂದಿನಿಂದ ಗೊತ್ತಿರುವ ಪದಗಳ ಕೆಳಗೇ ಪೆನ್ಸಿಲ್ ಗೆರೆ ಎಳೆಯುವುದನ್ನು ರೂಢಿಸಿಕೊಂಡೆ. ಮೇಜಿನ ಮೇಲಿನ ಸಣ್ಣ ನಿಘಂಟುಗಳು ಸಾಮಾನ್ಯವಾಗಿ ಇಂದಿನ ಅರ್ಥವನ್ನು ಮೊದಲು ಕೊಡುವುದರಿಂದ ಹಳೆಯ ಪತ್ರಗಳಿಗೆ ಅವುಗಳನ್ನಷ್ಟೇ ನಂಬುವುದಿಲ್ಲ. 1884ರಿಂದ 1928ರವರೆಗೆ ಭಾಗಭಾಗವಾಗಿ ಹೊರಬಂದ ಆಕ್ಸ್‌ಫರ್ಡಿನ ದೊಡ್ಡ ನಿಘಂಟು ಅರ್ಥಗಳ ಬೆಳವಣಿಗೆಯನ್ನು ಇಸವಿ ಸಹಿತ ಉದಾಹರಣೆಗಳೊಂದಿಗೆ ತೋರಿಸುವುದರಿಂದ, ಅದನ್ನು ನೋಡಲು ಗ್ರಂಥಾಲಯದವರೆಗೆ ಹೋಗಿಬರುವುದು ನನಗೆ ಕಷ್ಟವೆನಿಸುವುದಿಲ್ಲ.

ಕೆಲವೊಮ್ಮೆ ಉತ್ತರ ನಮ್ಮದೇ ಹಳೆಯ ಪತ್ರಗಳಲ್ಲಿ ಇರುತ್ತದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 105ನೆಯ ಪ್ರಕರಣವು ಗುತ್ತಿಗೆಯನ್ನು ಸ್ವತ್ತನ್ನು 'ಎಂಜಾಯ್' ಮಾಡುವ ಹಕ್ಕಿನ ವರ್ಗಾವಣೆ ಎನ್ನುತ್ತದೆ. ಇದನ್ನು ಆನಂದವೆಂದು ಬರೆದವರನ್ನು ನಾನು ನೋಡಿದ್ದೇನೆ. ನಮ್ಮ ಕ್ರಯಪತ್ರಗಳ 'ಸ್ವಾಧೀನಾನುಭವ' ಎಂಬ ಪದದಲ್ಲಿರುವ ಅನುಭವವೇ ಇದು. ಅದರಲ್ಲಿ ಸಂತೋಷವೂ ಇಲ್ಲ, ದುಃಖವೂ ಇಲ್ಲ, ಸ್ವತ್ತನ್ನು ಇಟ್ಟುಕೊಂಡು ಬಳಸುವ ಹಕ್ಕಷ್ಟೇ ಇದೆ.

ಕಳೆದ ತಿಂಗಳು, ನಮ್ಮಲ್ಲಿ ಹೊಸದಾಗಿ ಸೇರಿರುವ ಹುಡುಗಿಯೊಬ್ಬಳು ಒಂದು ಹಳೆಯ ಕ್ರಯಪತ್ರದ ಅನುವಾದವನ್ನು ತಂದು ಮುಂದಿಟ್ಟಳು. 'ನೋ ಆಲ್ ಮೆನ್ ಬೈ ದೀಸ್ ಪ್ರೆಸೆಂಟ್ಸ್' ಎಂಬುದು 'ಈ ಉಡುಗೊರೆಗಳ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ' ಎಂದಾಗಿತ್ತು.

"ದುಡ್ಡು ಕೊಟ್ಟು ಕೊಂಡ ಜಾಗದ ಪತ್ರದಲ್ಲಿ ಉಡುಗೊರೆ ಎಲ್ಲಿಂದ ಬಂತಮ್ಮಾ?" ಎಂದು ಕೇಳಿದೆ.

"ಗೊತ್ತಿರುವ ಪದವೇ ಅಲ್ಲವೇ ಎಂದು ನಿಘಂಟು ನೋಡಲಿಲ್ಲ ಸರ್" ಎಂದಳು. ಅಲ್ಲಿ ಆ ಪದಕ್ಕೆ ಓದುಗರ ಮುಂದಿರುವ ಈ ಪತ್ರವೆಂದೇ ಅರ್ಥ ಎಂದು ಹೇಳಿ, ಪೆನ್ಸಿಲನ್ನು ಅವಳ ಕಡೆಗೆ ಸರಿಸಿದೆ.