ಕಾಫಿ ಈಗ ಕೊಡೋಣವಾ, ಇಟ್ಟುಕೊಳ್ಳೋಣವಾ?

ಫೆಬ್ರವರಿ ಬಂತು ಅಂದರೆ ಕೊಡಗಿನಲ್ಲಿ ಎಲ್ಲರ ಬಾಯಲ್ಲೂ ಇದೇ ಮಾತು. ಮದುವೆ ಮನೆಯಲ್ಲಿ, ಗೋಣಿಕೊಪ್ಪದ ಸಂತೆಯಲ್ಲಿ, ಫೋನಿನಲ್ಲಿ ನನ್ನನ್ನೂ ಕೇಳುತ್ತಾರೆ. "ಅಣ್ಣಾ, ರೊಬಸ್ಟಾ ಚೆರಿ ಈಗಲೇ ಕೊಡ್ಲಾ, ರೇಟು ಇನ್ನೂ ಏರುತ್ತಾ?" ರೊಬಸ್ಟಾ ಅಂದರೆ ಕಾಫಿಯ ಒಂದು ಬಗೆ, ಚೆರಿ ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು.

ಲಂಡನ್ ಮಾರುಕಟ್ಟೆ, ವಿಯೆಟ್ನಾಂ ಬೆಳೆ, ಬ್ರೆಜಿಲ್ ಮಳೆ ಎಲ್ಲ ಸೇರಿ ಆಗುವ ರೇಟು ಅದು. ನಮ್ಮ ಕೈಯಲ್ಲಿಲ್ಲ. ತೀರ್ಮಾನ ತಗೊಳ್ಳುವ ರೀತಿ ಮಾತ್ರ ನಮ್ಮ ಕೈಯಲ್ಲೇ ಇದೆ. ಅದಕ್ಕೇ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಚಿಕ್ಕಪ್ಪನ ಮಗ ಬಂದು ಇದನ್ನೇ ಕೇಳಿದರೆ ಏನು ಹೇಳುತ್ತೀರಿ? ಅವನಿಗೂ ಅಷ್ಟೇ ಚೀಲ, ಅಷ್ಟೇ ಸಾಲ, ಅಷ್ಟೇ ಮನೆ ಖರ್ಚು.

ಹೆಚ್ಚಿನವರು ತಡವರಿಸದೆ ಹೇಳುತ್ತಾರೆ: "ಸಾಲಕ್ಕೆ, ಕೂಲಿಗೆ ಬೇಕಾದಷ್ಟು ಕೊಟ್ಟುಬಿಡು, ಮಿಕ್ಕಿದ್ದು ಇಟ್ಕೋ." ಎಷ್ಟು ಸರಿಯಾದ ಮಾತು ಅಲ್ವಾ! ತಮ್ಮದೇ ಚೀಲದ ವಿಷಯಕ್ಕೆ ಬಂದರೆ ಇದು ಹೊಳೆಯುವುದಿಲ್ಲ. ಬೆಳಗ್ಗೆ ವಾಟ್ಸಾಪಿನಲ್ಲಿ ಬಂದ ರೇಟು, ಪಕ್ಕದ ತೋಟದವರಿಗೆ ಹೋದ ವಾರ ಸಿಕ್ಕಿದ ರೇಟು, ಇವೇ ತಲೆಯಲ್ಲಿ ಸುತ್ತುತ್ತಿರುತ್ತವೆ.

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಇಗೋರ್ ಗ್ರಾಸ್‌ಮನ್ ಮತ್ತು ಈಥನ್ ಕ್ರಾಸ್ ಎಂಬ ಮನಶ್ಶಾಸ್ತ್ರಜ್ಞರ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಕೆಲವರಿಗೆ ತಮ್ಮ ಸಂಗಾತಿ, ಕೆಲವರಿಗೆ ಗೆಳೆಯರ ಸಂಗಾತಿ ಮೋಸ ಮಾಡಿದ್ದಾರೆ ಎಂದುಕೊಂಡು ಯೋಚಿಸಿ ಅಂತ ಹೇಳಿದರು. ಮೋಸ ಗೆಳೆಯರಿಗೆ ಆದಾಗ ಜನ ವಿವೇಕದಿಂದ ಯೋಚಿಸಿದರು, ತಮಗೇ ಆದಾಗ ಅಷ್ಟು ಚೆನ್ನಾಗಿ ಯೋಚಿಸಲಿಲ್ಲ. ತಮ್ಮ ಕಷ್ಟವನ್ನೇ ಹೊರಗಿನವರಂತೆ ನಿಂತು ನೋಡಿ ಎಂದಾಗ ಆ ವ್ಯತ್ಯಾಸ ಹೋಯಿತು. ನೀವೂ "ನಾನು ಏನು ಮಾಡಲಿ" ಅನ್ನುವ ಬದಲು ನಿಮ್ಮ ಹೆಸರು ಹಿಡಿದೇ ಕೇಳಿಕೊಂಡು ನೋಡಿ. ಮನಸ್ಸಿನ ಗಡಿಬಿಡಿ ಎಷ್ಟೋ ತಗ್ಗುತ್ತದೆ.

ಆದರೆ ದೂರದಿಂದ ನೋಡಿ ಅಲ್ಲೇ ನಿಂತುಬಿಡಬಾರದು. ಇದು ನನಗೆ ತುಂಬಾ ಮುಖ್ಯ ಅನಿಸುವ ವಿಷಯ. ಯಾಕೋವ್ ಟ್ರೋಪ್, ನೀರಾ ಲಿಬರ್‌ಮನ್ ಎಂಬ ಸಂಶೋಧಕರು ತೋರಿಸಿದ್ದು ಇದನ್ನೇ: ಮುಂದೆಂದೋ ಮಾಡಬೇಕಾದ, ಅಂದರೆ ದೂರದ ಕೆಲಸದಲ್ಲಿ 'ಯಾಕೆ' ಎನ್ನುವುದು ಎದ್ದು ಕಾಣುತ್ತದೆ, 'ಹೇಗೆ' ಎನ್ನುವುದು ಮಸುಕಾಗುತ್ತದೆ. "ಆಗಸ್ಟ್‌ವರೆಗೆ ಇಟ್ಟುಕೊಳ್ತೇನೆ" ಅಂತ ಫೆಬ್ರವರಿಯ ಬಿಸಿಲಿನಲ್ಲಿ ಹೇಳುವುದು ಸುಲಭ. ಆಗಸ್ಟಿನಲ್ಲಿ ನಮ್ಮಲ್ಲಿ ಗೋಡೆಯೇ ಬೆವರುತ್ತದೆ.

ಹಾಗಾಗಿ ಇಡುವುದು ಅಂತ ಆದ ಮೇಲೆ ಕಣಕ್ಕೆ ಹೋಗಿ. ಒಂದು ಮುಷ್ಟಿ ಚೆರಿ ತಗೊಂಡು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಬೀಜ ಗಲಗಲ ಅನ್ನದಿದ್ದರೆ ಇನ್ನೂ ಒಣಗಬೇಕು. ಗೋಡೌನಿನಲ್ಲಿ ಚೀಲದ ಅಡಿಗೆ ಹಲಗೆ ಇದೆಯಾ, ಗೋಡೆಗೆ ತಾಗದಂತೆ ಜೋಡಿಸಲು ಜಾಗ ಇದೆಯಾ, ಹೋದ ಮಳೆಗಾಲದಲ್ಲಿ ಎಲ್ಲಿ ಸೋರಿತ್ತು, ಎಲ್ಲ ನೋಡಿ. ಸಾಲದ ಗಡುವು ಯಾವಾಗ ಅಂತ ಪಾಸ್‌ಬುಕ್ ತೆಗೆದೇ ನೋಡಿ, ಸುಮ್ನೆ ನೆನಪಿನಿಂದ ಹೇಳಬೇಡಿ. ಗೋಡೌನಿನ ಚಾವಣಿ ರಿಪೇರಿ ಮಾಡಿಸಲು ಈ ವರ್ಷ ಆಗುವುದಿಲ್ಲ ಅಂತಾದರೆ, ರೇಟು ಏನೇ ಇರಲಿ, ಮೇ ಮುಗಿಯುವುದರೊಳಗೆ ಕೊಟ್ಟುಬಿಡಿ.